ಮಂಡ್ಯ ಸೀಮೆಯ ಆಲೆಮನೆಗಳು ಮತ್ತು ಅವುಗಳ ಕಷ್ಟ

ಮಂಡ್ಯ ಸೀಮೆಯಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮೇಲೂ ಆಲೆಮನೆಗಳು ಅಳಿಯಲಿಲ್ಲ. ಕಾರ್ಖಾನೆಯ ಸರದಿಯು ತಡವಾದಾಗ ರೈತನಿಗೆ ಆಲೆಮನೆಯೇ ಗತಿಯಾಗಿರುವುದು. ಆದರೂ ಆಲೆಮನೆಯ ಯಜಮಾನನ ಕೈಯಲ್ಲಿ ಹಣ ನಿಲ್ಲುವುದು ಅಪರೂಪ.

ಇದಕ್ಕೆ ಮೊದಲ ಕಾರಣವು ಬಂಡವಾಳದ ಕೊರತೆ. ಕಬ್ಬಿನ ಕ್ರಯವನ್ನೂ ಆಳುಗಳ ಕೂಲಿಯನ್ನೂ ಮುಂಚಿತವಾಗಿ ಕೊಡಬೇಕು. ಬೆಲ್ಲದ ಹಣವಾದರೋ ತಡವಾಗಿ ಬರುವುದು. ಆದುದರಿಂದ ಅನೇಕರು ಮಂಡಿಯ ವರ್ತಕನಿಂದ ಮುಂಗಡವನ್ನು ಪಡೆಯುತ್ತಾರೆ. ಮುಂಗಡ ಪಡೆದವನು ಅದೇ ಮಂಡಿಗೆ ಬೆಲ್ಲವನ್ನು ಹಾಕಬೇಕಾಗುವುದರಿಂದ ಧಾರಣೆಯನ್ನು ವಿಚಾರಿಸುವ ಸ್ವಾತಂತ್ರ್ಯವೇ ಅವನಿಗೆ ತಪ್ಪುತ್ತದೆ. ಉದ್ಯಮವಾಗಿ ನೋಂದಾಯಿಸಿಕೊಂಡವನಿಗೆ, ಕೊಂಡವನು ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಿಸತಕ್ಕದ್ದೆಂದು 2006ರ ಕಾಯಿದೆಯು ವಿಧಿಸಿದೆ. ಬಾಯಿಮಾತಿನ ಲೆಕ್ಕದಲ್ಲಿ, ಚೀಟಿಯೂ ಇಲ್ಲದೆ ವ್ಯವಹರಿಸುವವನಿಗೆ ಇದರಿಂದ ಏನು ಪ್ರಯೋಜನ?

ಎರಡನೆಯದು ಕಾಲಹರಣ. ಕಡಿದ ಕಬ್ಬು ಬಿಸಿಲಿನಲ್ಲಿ ಮೂರು ನಾಲ್ಕು ದಿನ ಬಿದ್ದಿದ್ದರೆ ತೂಕವು ಇಳಿಯುವುದಲ್ಲದೆ ರಸದಲ್ಲಿರುವ ಸಕ್ಕರೆಯ ಒಂದಂಶವು ಗಟ್ಟಿಯಾಗದ ಸಕ್ಕರೆಯಾಗಿ ಮಾರ್ಪಡುತ್ತದೆ. ಅಂತಹ ರಸದ ಬೆಲ್ಲವು ಮೆತ್ತಗಾಗಿ, ಮಳೆಗಾಲದಲ್ಲಿ ನೀರೊಡೆಯುವುದು. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ ಬರುವುದೆಂದು ಎಣಿಸೋಣ. ಹತ್ತು ಕಿಲೋ ಕಡಿಮೆಯಾದರೂ ಒಲೆಯ ಉರಿಯೂ ಕೂಲಿಯೂ ಕಡಿಮೆಯಾಗುವುದಿಲ್ಲ. ಲಾಭವೆಂಬುದು ಆ ಹತ್ತು ಕಿಲೋಗಳಲ್ಲಿಯೇ ಇದ್ದಿತು. ಗಾಣವು ಕೆಟ್ಟ ದಿನ, ಮಳೆಗೆ ಸಿಪ್ಪೆ ನೆನೆದ ದಿನ, ಇದೇ ಪಾಡು.

ಮೂರನೆಯದು ಬಣ್ಣದ ಮೋಹ. ಹಳದಿಯಾದ ಬೆಲ್ಲಕ್ಕೆ ಪೇಟೆಯಲ್ಲಿ ಬೆಲೆ ಹೆಚ್ಚು. ಅದಕ್ಕಾಗಿ ಕೊಪ್ಪರಿಗೆಗೆ ಹೈಡ್ರೋಸ್ ಪುಡಿಯನ್ನು ಮಿತಿಮೀರಿ ಹಾಕುವವರುಂಟು. ಆ ಹೊಳಪು ದಾಸ್ತಾನಿನಲ್ಲಿ ಮಾಸುವುದು, ಗಂಧಕದ ಅಂಶವು ಮಾತ್ರ ಉಳಿಯುವುದು. ಮಿತಿ ಮೀರಿದ ಮಾಲು ಪರೀಕ್ಷೆಯಲ್ಲಿ ಸಿಕ್ಕರೆ ದಂಡವು ಯಜಮಾನನ ಪಾಲಿಗೆ. ಬೆಂಡೆಗಿಡದ ಲೋಳೆಯಿಂದ ಮಡ್ಡಿ ತೆಗೆದ ಕಂದುಬೆಲ್ಲವು ಹೆಚ್ಚು ಯೋಗ್ಯವಾದುದಾದರೂ ವರ್ತಕರು ಅದನ್ನು ಕೀಳೆಂದೇ ಕೊಳ್ಳುತ್ತಾರೆ. ಈ ದೋಷವು ಆಲೆಮನೆಯದಷ್ಟೇ ಅಲ್ಲ, ತಿನ್ನುವವರದೂ ಹೌದು.

ಗ್ರಾಮದ ಗೌಡರೂ ಜಮೀನುದಾರರೂ ಮನಸ್ಸು ಮಾಡಿದರೆ ಕೆಲವು ಕಷ್ಟಗಳಾದರೂ ತಗ್ಗುವುವು. ಆಲೆಯ ಸರದಿಯನ್ನು ಮೊದಲೇ ಗೊತ್ತುಮಾಡಿ, ಒಂದು ದಿನದಲ್ಲಿ ಅರೆಯಬಹುದಾದಷ್ಟು ಕಬ್ಬನ್ನು ಮಾತ್ರ ಕಡಿಸಬೇಕು. ಸಿಪ್ಪೆಗೆ ಒಂದು ಚಪ್ಪರ ಹಾಕಿಸಬೇಕು. ಅಕ್ಕಪಕ್ಕದ ನಾಲ್ಕಾರು ಆಲೆಮನೆಯವರು ಸಹಕಾರ ಸಂಘದಿಂದ ಸಾಲ ಪಡೆದು, ತೂಕದ ಚೀಟಿಯನ್ನು ಬರೆಸಿಕೊಂಡೇ ಮಂಡಿಗೆ ಬೆಲ್ಲವನ್ನು ಒಪ್ಪಿಸತಕ್ಕದ್ದು.