ಯಂತ್ರಫಲಕಗಳಲ್ಲಿ ಪಾಠಾಂತರ: ಅಗ್ಗದ ರಿಸ್ಕ್-ಫೈವ್ ಗಣಕಗಳೂ ಅವುಗಳ ಲಕ್ಷಣಗ್ರಂಥಗಳೂ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ ಧವಲಾಟೀಕೆಯ ಓಲೆಗರಿಗಳ ಚರಿತ್ರೆಯು ಗ್ರಂಥಸಂಪಾದಕರಿಗೆ ಸುಪರಿಚಿತವಾದುದು. ಹಳಗನ್ನಡ ಲಿಪಿಯ ಆ ಓಲೆಗಳಿಂದ ಕಾಗದದ ಪ್ರತಿಗಳಾದುವು. ಆ ಪ್ರತಿಗಳಿಂದ ಮತ್ತೆ ಪ್ರತಿಗಳಾಗಿ ಉತ್ತರದೇಶಕ್ಕೆ ಹೋದುವು. 1939ರಲ್ಲಿ ಹೀರಾಲಾಲ ಜೈನರು ಅಮರಾವತಿಯಿಂದ ಮೊದಲನೆಯ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಪ್ರತಿಯ ಪ್ರತಿಗಳೇ ಹೊರತು ಮೂಲವಲ್ಲ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದವು ಆ ಪ್ರತಿಗಳಲ್ಲಿ ಬಿಟ್ಟುಹೋಗಿದ್ದಿತು. ಅಲ್ಲಿ ಆ ಪದವಿರಬೇಕೆಂದು ಸಂಪಾದಕರು ಊಹಿಸಿದರು. ತರುವಾಯ ಮೂಡುಬಿದಿರೆಯ ಓಲೆಗಳೊಡನೆ ತಾಳೆನೋಡಿದಾಗ ಆ ಪದವು ದೊರೆಯಿತು. ಒಂದೇ ಪದದ ಇರವು ಇಲ್ಲದಿರವುಗಳಿಂದ ಸ್ತ್ರೀಯರ ಸಂಯಮಾಧಿಕಾರದಂತಹ ಗಹನವಾದ ವಿಷಯದಲ್ಲಿ ವಿದ್ವಾಂಸರ ನಡುವೆ ದೀರ್ಘವಾದ ವಾದವೇ ನಡೆಯಿತು. ಮೂಲವೊಂದು, ಪ್ರತಿಯೊಂದು ಆದಾಗ ಆಗುವ ಹಾನಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ವಿರಳ.

ಇಂತಹುದೇ ಪ್ರಶ್ನೆಯು, ಸಾಹಿತ್ಯಕ್ಕೆ ಬಹುದೂರವೆಂದು ತೋರುವ ಇನ್ನೊಂದು ಕ್ಷೇತ್ರದಲ್ಲಿ ಈಗ ಎದ್ದಿದೆ. ಅಂಗೈಯಗಲದ ಒಂದೇ ಫಲಕದ ಮೇಲೆ ಸಂಪೂರ್ಣ ಗಣಕವನ್ನು ಅಳವಡಿಸಿ ಅಲ್ಪಬೆಲೆಗೆ ಮಾರುವ ಪದ್ಧತಿಯು ಬಂದಿದೆಯಷ್ಟೆ. ಆ ಫಲಕಗಳಲ್ಲಿ ರಿಸ್ಕ್-ಫೈವ್ ಎಂಬ ಆಜ್ಞಾವಳಿಯನ್ನು ಅನುಸರಿಸುವ ವರ್ಗವೊಂದುಂಟು. ಫಲಕವು ಒಂದು ವಿಧ, ಅದನ್ನು ವರ್ಣಿಸುವ ಕೈಪಿಡಿಯು ಇನ್ನೊಂದು ವಿಧ ಆಗುವುದು ಈ ವರ್ಗದಲ್ಲಿ ಆಗಾಗ ಕಂಡುಬರುವ ಸಂಗತಿ. ಅದರ ಕಾರಣಗಳನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ರಿಸ್ಕ್-ಫೈವ್ ಎಂದರೇನೆಂಬುದನ್ನು ತಿಳಿಯತಕ್ಕುದು. ಅದು ಯಂತ್ರದ ಹೆಸರಲ್ಲ. ಯಂತ್ರಕ್ಕೆ ಕೊಡಬಹುದಾದ ಆಜ್ಞೆಗಳ ವ್ಯಾಕರಣದ ಹೆಸರು. 2010ರಲ್ಲಿ ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಅದರ ರಚನೆಗೆ ಆರಂಭವಾಯಿತು. ಆ ವ್ಯಾಕರಣವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಅನುಸರಿಸಿ ಸಂಸ್ಕಾರಕವನ್ನು ನಿರ್ಮಿಸಬಹುದು. ಈ ಸ್ವಾತಂತ್ರ್ಯದಿಂದಲೇ ಭಾರತದಲ್ಲಿ ಮದರಾಸಿನ ಐಐಟಿಯ ‘ಶಕ್ತಿ’, ಸಿ-ಡ್ಯಾಕ್ ಸಂಸ್ಥೆಯ ‘ವೇಗ’ ಎಂಬ ಸಂಸ್ಕಾರಕ ಕುಲಗಳು ಹುಟ್ಟಿದುವು. ಆದರೆ ಒಂದೇ ವ್ಯಾಕರಣವನ್ನು ಅನುಸರಿಸಿ ಒಬ್ಬನು ಶತಕವನ್ನೂ ಇನ್ನೊಬ್ಬನು ಮಹಾಕಾವ್ಯವನ್ನೂ ಬರೆಯಬಹುದಾದಂತೆ, ರಿಸ್ಕ್-ಫೈವ್ ಎಂಬ ಒಂದೇ ಹೆಸರಿನ ಕೆಳಗೆ ಅತ್ಯಂತ ಭಿನ್ನವಾದ ಯಂತ್ರಗಳಿವೆ. ಸಿ-ಡ್ಯಾಕ್‌ನವರ ಏರೀಸ್ ಫಲಕದಲ್ಲಿರುವ ತೇಜಸ್32 ಎಂಬುದು 256 ಕಿಲೋಬೈಟ್ ಸ್ಮೃತಿಯ 32 ಬಿಟ್ಟಿನ ಸಣ್ಣ ಯಂತ್ರ. ವಿಷನ್‌ಫೈವ್ 2 ಎಂಬ ಫಲಕದಲ್ಲಿರುವ ಜೆಹೆಚ್7110 ಎಂಬುದು ನಾಲ್ಕು ತಿರುಳುಗಳುಳ್ಳ, ಲಿನಕ್ಸನ್ನು ನಡೆಸಬಲ್ಲ 64 ಬಿಟ್ಟಿನ ಯಂತ್ರ. ಒಂದರ ಕೈಪಿಡಿಯನ್ನೋದಿ ಮತ್ತೊಂದನ್ನು ನಡೆಸಲಾಗದು.

ಈ ಫಲಕಗಳಿಗೆ ಸಂಬಂಧಿಸಿದ ಲಕ್ಷಣಗ್ರಂಥಗಳನ್ನು ನಾಲ್ಕು ಸ್ತರಗಳಾಗಿ ವಿಂಗಡಿಸಬಹುದು. ಮೊದಲನೆಯದು ಆಜ್ಞಾವಳಿಯ ಮೂಲಗ್ರಂಥ, ಇದು ಸೂತ್ರಸ್ಥಾನೀಯ. ಎರಡನೆಯದು ಆ ಸೂತ್ರವನ್ನು ಅನುಸರಿಸಿದ ಸಂಸ್ಕಾರಕದ ತಿರುಳಿನ ಕೈಪಿಡಿ, ಇದನ್ನು ವೃತ್ತಿಯೆನ್ನಬಹುದು. ಮೂರನೆಯದು ತಿರುಳು, ಸ್ಮೃತಿಯ ನಿಯಂತ್ರಕ, ಹೊರಸಂಪರ್ಕದ ಅಂಗಗಳು ಎಲ್ಲವೂ ಕೂಡಿದ ಚಿಪ್ಪಿನ ಕೈಪಿಡಿ. ನಾಲ್ಕನೆಯದು ಚಿಪ್ಪನ್ನು ಕೂರಿಸಿದ ಫಲಕದ ರೇಖಾಚಿತ್ರ ಮತ್ತು ಬಳಕೆಯ ಪುಸ್ತಿಕೆ. ಈ ನಾಲ್ಕನ್ನೂ ಬರೆಯುವವರು ಸಾಮಾನ್ಯವಾಗಿ ಬೇರೆ ಬೇರೆಯವರು. ತಿದ್ದುವ ಕಾಲವೂ ಬೇರೆ ಬೇರೆ. ಒಂದು ಸ್ತರದಲ್ಲಿ ತಿದ್ದುಪಡಿಯಾದಾಗ ಉಳಿದ ಮೂರು ಸ್ತರಗಳು ಒಡನೆಯೇ ತಿದ್ದಲ್ಪಡುವುದಿಲ್ಲ. ಭೇದದ ಮೂಲವು ಇಲ್ಲಿದೆ.

ಸೂತ್ರಸ್ತರದಲ್ಲಾದ ಭೇದಕ್ಕೆ ಒಂದು ಉದಾಹರಣೆ. 2017ರ ಆವೃತ್ತಿಯಂತೆ 32 ಬಿಟ್ಟಿನ ಮೂಲ ಆಜ್ಞಾವಳಿಯಲ್ಲಿದ್ದ ಆಜ್ಞೆಗಳು 47. 2019ರ ಡಿಸೆಂಬರ್ ತಿಂಗಳ ಆವೃತ್ತಿಯಲ್ಲಿ ಅವು 40 ಆದುವು. ಏಳು ಆಜ್ಞೆಗಳು ನಾಶವಾಗಲಿಲ್ಲ. ನಿಯಂತ್ರಣ ಸ್ಥಾನಗಳಿಗೆ ಸೇರಿದ ಆರು ಒಂದು ಉಪಾಂಗಕ್ಕೂ, ಉಳಿದೊಂದು ಮತ್ತೊಂದು ಉಪಾಂಗಕ್ಕೂ ವರ್ಗಾಯಿಸಲ್ಪಟ್ಟುವು. ಯಂತ್ರಗಳಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಆದರೆ 2022ರಲ್ಲಿ ಅನುವಾದಕ ಸಾಧನಗಳು ಹೊಸ ಆವೃತ್ತಿಯನ್ನೇ ಪ್ರಮಾಣವಾಗಿ ಹಿಡಿದುವು. ಅದರಿಂದ ಹಳೆಯ ಪಾಠಪುಸ್ತಕದಲ್ಲಿದ್ದಂತೆ ಬರೆದ ಶುದ್ಧವಾದ ಕ್ರಮವಿಧಿಗಳೂ ‘ಅಪರಿಚಿತ ಆಜ್ಞೆ’ಯೆಂಬ ದೂಷಣೆಗೆ ಒಳಗಾದುವು. ವಿದ್ಯಾರ್ಥಿಯು ತಪ್ಪನ್ನು ತನ್ನ ಬರವಣಿಗೆಯಲ್ಲಿ ಹುಡುಕುವನು. ತಪ್ಪಿರುವುದು ಪುಸ್ತಕದ ಆವೃತ್ತಿಯಲ್ಲಿ.

ಎರಡನೆಯ ಉದಾಹರಣೆಯು ಇನ್ನೂ ವಿಚಿತ್ರವಾದುದು. ಅನೇಕ ಅಂಕಗಳ ಮೇಲೆ ಒಂದೇ ಸಲಕ್ಕೆ ಕ್ರಿಯೆ ನಡೆಸುವ ‘ವೆಕ್ಟರ್’ ಆಜ್ಞೆಗಳ ಉಪಾಂಗವು 2021ರಲ್ಲಿ 1.0 ಎಂಬ ಅಂಕಿತದಿಂದ ಅಂಗೀಕೃತವಾಯಿತು. ಆದರೆ ಅಗ್ಗದ ಫಲಕಗಳಲ್ಲಿ ಬಹಳವಾಗಿ ಬಳಕೆಯಾಗುತ್ತಿರುವ ಸಿ906 ಎಂಬ ತಿರುಳು ಅದಕ್ಕೆ ಮೊದಲೇ, 0.7.1 ಎಂಬ ಕರಡುಪ್ರತಿಯನ್ನು ಅನುಸರಿಸಿ ನಿರ್ಮಿತವಾಗಿತ್ತು. ಕರಡಿಗೂ ಅಂಗೀಕೃತ ಪಾಠಕ್ಕೂ ಹೊಂದಿಕೆಯಿಲ್ಲ. ಕಾಗದದ ಕರಡನ್ನು ಹರಿದು ಹಾಕಬಹುದು. ಸಿಲಿಕಾನಿನಲ್ಲಿ ಕೊರೆದ ಕರಡನ್ನು ಅಳಿಸಲಾಗದು. ಗ್ರಂಥಕರ್ತನು ಕೈಬಿಟ್ಟ ಪಾಠವು ಶಿಲಾಶಾಸನದಲ್ಲಿ ಉಳಿದುಕೊಂಡಂತೆ ಆ ಕರಡು ಅಸಂಖ್ಯ ಫಲಕಗಳಲ್ಲಿ ಉಳಿದಿದೆ. 2024ರಲ್ಲಿ ಹೊರಬಂದ ಜಿಸಿಸಿ 14ನೆಯ ಆವೃತ್ತಿಯು ಅದನ್ನು ಬೇರೆ ಹೆಸರಿನ ಪ್ರತ್ಯೇಕ ಶಾಖೆಯಾಗಿ ಸ್ವೀಕರಿಸಿತು. ‘ಈ ಫಲಕಕ್ಕೆ ವೆಕ್ಟರ್ ಉಂಟು’ ಎಂದು ಮಾರಾಟದ ಪತ್ರಿಕೆಯಲ್ಲಿ ಬರೆದಿದ್ದರೆ ಆ ವಾಕ್ಯವು ಸುಳ್ಳಲ್ಲ. ಆದರೆ ಯಾವ ಪಾಠದ ವೆಕ್ಟರ್ ಎಂಬುದನ್ನು ಹೇಳದಿದ್ದರೆ ಅದು ಪೂರ್ಣಸತ್ಯವೂ ಅಲ್ಲ.

ಫಲಕದ ಸ್ತರದಲ್ಲಿ ಭೇದಗಳು ಕಣ್ಣಿಗೆ ಕಾಣುವಂತಹುವಾದರೂ ಸುಲಭವಾಗಿ ಗಮನಕ್ಕೆ ಬಾರವು. ವಿಷನ್‌ಫೈವ್ 2 ಫಲಕವು 1.2ಎ, 1.3ಬಿ ಎಂಬ ಎರಡು ಪರಿಷ್ಕರಣಗಳಲ್ಲಿ ಹೊರಬಂದಿತು. ಎರಡರಲ್ಲಿಯೂ ಜಾಲಸಂಪರ್ಕಕ್ಕೆ ಎರಡು ದ್ವಾರಗಳಿವೆ. ಮೊದಲನೆಯ ಪರಿಷ್ಕರಣದಲ್ಲಿ ಒಂದು ದ್ವಾರವು ಗಿಗಾಬಿಟ್ ವೇಗದ್ದು, ಇನ್ನೊಂದು 100 ಮೆಗಾಬಿಟ್ಟಿನದು. ಎರಡನೆಯದರಲ್ಲಿ ಎರಡೂ ಗಿಗಾಬಿಟ್ ವೇಗದುವು. ಪರಿಷ್ಕರಣದ ಅಂಕವು ಫಲಕದ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದನ್ನು ನೋಡದೆ ಇನ್ನೊಂದು ಪರಿಷ್ಕರಣದ ವರ್ಣನೆಯನ್ನು ನಂಬಿದವನಿಗೆ ಒಂದು ದ್ವಾರವು ಕೆಟ್ಟಿದೆಯೆಂಬ ಭ್ರಾಂತಿಯುಂಟಾಗುವುದು.

ಮಿಲ್ಕ್-ವಿ ಡ್ಯುಓ ಎಂಬ ಅತಿ ಅಗ್ಗದ ಫಲಕಕುಲವನ್ನು ಇಲ್ಲಿ ವಿಶೇಷವಾಗಿ ಪರಿಶೀಲಿಸುವುದು ಯುಕ್ತ. 2023ರಲ್ಲಿ ಬಂದ ಮೊದಲ ಡ್ಯುಓದಲ್ಲಿ ಸಿವಿ1800ಬಿ ಚಿಪ್ಪೂ 64 ಮೆಗಾಬೈಟ್ ಸ್ಮೃತಿಯೂ ಇವೆ. ಆಕಾರದಲ್ಲಿ ಅದಕ್ಕೆ ಸಮನಾದ ಡ್ಯುಓ 256ಎಂ ಎಂಬುದರಲ್ಲಿರುವುದು ಎಸ್‌ಜಿ2002 ಚಿಪ್ಪು ಮತ್ತು 256 ಮೆಗಾಬೈಟ್. ಚೌಕಾಕಾರದ ಡ್ಯುಓ ಎಸ್ ಎಂಬುದರಲ್ಲಿ ಎಸ್‌ಜಿ2000 ಚಿಪ್ಪು, 512 ಮೆಗಾಬೈಟ್. ಒಂದರ ಕ್ರಮವಿಧಿಸಂಪುಟವು ಇನ್ನೊಂದರಲ್ಲಿ ಆರಂಭವಾಗದು. ಇದರ ಮೇಲೆ ನಾಮಾಂತರಗಳ ತೊಡಕು ಬೇರೆ: ಎಸ್‌ಜಿ2002 ಚಿಪ್ಪಿನ ಫಲಕವು ತಯಾರಕರ ಕ್ರಮವಿಧಿಗಳ ಹಿಂದಿನ ಆವೃತ್ತಿಯಲ್ಲಿ ಸಿವಿ1812ಸಿಪಿ ಎಂಬ ಹೆಸರಿನಿಂದ ನಿರ್ದಿಷ್ಟವಾಗಿದೆ. ಒಬ್ಬನೇ ಕವಿಯು ಬಿರುದಿನಿಂದಲೂ ಹೆಸರಿನಿಂದಲೂ ಉಲ್ಲೇಖಗೊಂಡು ಇಬ್ಬರೆಂದು ಎಣಿಸಲ್ಪಟ್ಟ ಪ್ರಸಂಗಗಳನ್ನು ಬಲ್ಲವರಿಗೆ ಈ ತೊಡಕು ಹೊಸದಲ್ಲ.

ಮೊದಲ ಡ್ಯುಓದಲ್ಲಿ 64 ಮೆಗಾಬೈಟ್ ಎಂದು ಬರೆದಿದ್ದರೂ, ತಯಾರಕರ ಮೂಲಸಂಪುಟದಿಂದ ಆರಂಭಿಸಿದಾಗ ಬಳಕೆದಾರನಿಗೆ ಕಾಣುವುದು ಅದರ ಅರ್ಧಕ್ಕಿಂತಲೂ ಕಡಮೆ. ಚಿತ್ರಗ್ರಾಹಕದ ಕೆಲಸಕ್ಕಾಗಿ 26 ಮೆಗಾಬೈಟಿಗೂ ಮೀರಿದ ಭಾಗವು ಮೊದಲೇ ಮೀಸಲಾಗಿರುವುದೇ ಇದರ ಮುಖ್ಯಕಾರಣ. ಚಿತ್ರಗ್ರಾಹಕವು ಬೇಡವಾದವನು ಆ ಮೀಸಲನ್ನು ಸೊನ್ನೆಗಿಳಿಸಿ ಸಂಪುಟವನ್ನು ಮತ್ತೆ ಕಟ್ಟಿಕೊಳ್ಳಬಹುದು. ಇಲ್ಲಿ ಕೈಪಿಡಿಯೂ ನಿಜ, ಯಂತ್ರವೂ ನಿಜ. ನಡುವಣ ವ್ಯವಸ್ಥೆಯನ್ನು ಅರಿಯದಿರುವುದೇ ಸಂಶಯಕ್ಕೆ ಕಾರಣ.

ಆದರೆ ಎಲ್ಲ ಭೇದಗಳೂ ಹೀಗೆ ನಿರಪಾಯವಾದುವಲ್ಲ. ಡ್ಯುಓ ಎಸ್ ಫಲಕದ ಎರಡು ಸಾಲು ಮೊಳೆಗಳಲ್ಲಿ ಒಂದು ಸಾಲಿನ ಸಂಕೇತಗಳು 3.3 ವೋಲ್ಟಿನವು, ಇನ್ನೊಂದು ಸಾಲಿನವು 1.8 ವೋಲ್ಟಿನವು. ಹೊರಗಿನಿಂದ ಎರಡು ಸಾಲುಗಳೂ ಒಂದೇ ತೆರ. ಬೇರೊಂದು ಫಲಕದ ಪಾಠವನ್ನು ನಂಬಿ 1.8 ವೋಲ್ಟಿನ ಮೊಳೆಗೆ 3.3 ವೋಲ್ಟನ್ನು ಕೊಟ್ಟರೆ ಚಿಪ್ಪು ಶಾಶ್ವತವಾಗಿ ಕೆಡಬಹುದು. ಓಲೆಯಲ್ಲಿ ಅಪಪಾಠವನ್ನು ಓದಿದವನು ಮರುದಿನ ತಿದ್ದಿಕೊಳ್ಳಬಲ್ಲನು. ಇಲ್ಲಿ ಅಪಪಾಠವು ಓದಿದವನ ಪುಸ್ತಕವನ್ನೇ ಸುಡುವುದು.

ಇವೆಲ್ಲಕ್ಕೂ ಮಿಗಿಲಾಗಿ ಸಾಹಿತ್ಯದ ಅಧ್ಯಾಪಕರು ಗಮನಿಸಬೇಕಾದ ವಿಶೇಷವೊಂದಿದೆ. ಈ ಯಂತ್ರಗಳಲ್ಲಿ ಲಿನಕ್ಸಿನ ತಿರುಳು ತನ್ನ ಸುತ್ತಲಿನ ಅಂಗಗಳಲ್ಲಿ ಬಹುಪಾಲನ್ನು ತಾನಾಗಿಯೇ ಕಂಡುಹಿಡಿಯಲಾರದು. ಯಾವ ವಿಳಾಸದಲ್ಲಿ ಯಾವ ಅಂಗವಿದೆಯೆಂಬುದನ್ನು ‘ಡಿವೈಸ್ ಟ್ರೀ’ ಎಂಬ ಒಂದು ಲಿಖಿತಪಾಠವು ಅದಕ್ಕೆ ತಿಳಿಸುತ್ತದೆ. ಎಂದರೆ, ಇಲ್ಲಿ ಲಕ್ಷಣಗ್ರಂಥವನ್ನು ಓದುವವನು ಮನುಷ್ಯನೊಬ್ಬನೇ ಅಲ್ಲ, ಯಂತ್ರವೂ ಓದುತ್ತದೆ; ಓದಿದುದನ್ನು ಸಂಶಯಿಸದೆ ನಂಬುತ್ತದೆ. ವಿಷನ್‌ಫೈವ್ 2ರ ಎರಡು ಪರಿಷ್ಕರಣಗಳಿಗೆ ಎರಡು ಬೇರೆ ಪಾಠಗಳನ್ನು ಬರೆದಿಡಲಾಗಿದೆ. ಆರಂಭಕಾಲದ ಕ್ರಮವಿಧಿಯು ಫಲಕದ ಒಂದು ಸ್ಥಿರಸ್ಮೃತಿಯಲ್ಲಿ ಬರೆದಿರುವ ಪರಿಷ್ಕರಣದ ಅಂಕವನ್ನು ನೋಡಿ ತಕ್ಕ ಪಾಠವನ್ನು ಆರಿಸುವುದು. ಇದು ಗ್ರಂಥದ ಪುಷ್ಪಿಕೆಯನ್ನು ನೋಡಿ ಪ್ರತಿಯ ಕುಲವನ್ನು ನಿರ್ಣಯಿಸುವ ವಿಧಾನವೇ ಸರಿ.

ಹೀಗಿರಲು, ಕೈಪಿಡಿಗೂ ಫಲಕಕ್ಕೂ ವಿರೋಧ ಬಂದಾಗ ಯಾವುದು ಪ್ರಮಾಣ? ಗ್ರಂಥಸಂಪಾದನದಲ್ಲಿ ಕವಿಯ ಸ್ವಹಸ್ತಪ್ರತಿಯು ದೊರೆಯುವುದು ಅಪೂರ್ವ. ಇಲ್ಲಿಯಾದರೋ ಮೂಲವು ಓದುಗನ ಕೈಯಲ್ಲಿಯೇ ಇದೆ. ಆದುದರಿಂದ ಫಲಕವೇ ಅಂತಿಮ ಪ್ರಮಾಣ. ಆದರೆ ವಿದ್ಯುತ್ತಿನ ಮಟ್ಟದಂತಹ ವಿಷಯವನ್ನು ಪ್ರಯೋಗದಿಂದ ಅರಿಯಹೊರಟರೆ ಪ್ರಮಾಣವೇ ನಾಶವಾದೀತು. ಅಲ್ಲಿ ಅದೇ ಪರಿಷ್ಕರಣದ ರೇಖಾಚಿತ್ರವು ಪ್ರಮಾಣ. ಅದಿಲ್ಲದಲ್ಲಿ ಕಡಮೆ ವೋಲ್ಟನ್ನು ಊಹಿಸಿಕೊಳ್ಳುವುದು ಕ್ಷೇಮ. ಫಲಕದ ಮೇಲಣ ಅಂಕ, ಚಿಪ್ಪಿನ ಮೇಲಣ ಹೆಸರು, ಯಂತ್ರವು ತಾನೇ ಓದಿರುವ ಡಿವೈಸ್ ಟ್ರೀ, ಕೈಪಿಡಿಯ ದಿನಾಂಕ, ಈ ನಾಲ್ಕನ್ನು ತಾಳೆನೋಡಿ ಅನಂತರವೇ ತಂತಿಯನ್ನು ಜೋಡಿಸತಕ್ಕುದು.

ಬಂಟ್ವಾಳ ತಾಲ್ಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲ್ಲೂಕಿನ ಉಜಿರೆ, ಮೂಡುಬಿದಿರೆಯ ಬಳಿಯ ಮಿಜಾರು, ಈ ಮೂರು ಕಡೆಗಳಲ್ಲಿಯೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಅಲ್ಲಿಗೆ ಬರುವ ವಿದ್ಯಾರ್ಥಿಗೆ ಕನ್ನಡದ ಕೈಪಿಡಿಯು ಆವಶ್ಯಕ. ಆದರೆ ಹಾಗೆ ಬರೆಯುವ ಕೈಪಿಡಿಯು ಅನುವಾದದ ಅನುವಾದವಾಗಿ, ಯಾವ ಫಲಕದ ಯಾವ ಪರಿಷ್ಕರಣಕ್ಕೆ ಸಂಬಂಧಿಸಿದುದೆಂಬುದನ್ನು ಹೇಳದೆ ಹೋದರೆ, ಅದು ಇಲ್ಲದಿರುವುದಕ್ಕಿಂತ ಹೆಚ್ಚಿನ ಕೇಡನ್ನು ಮಾಡುವುದು. ಇಂಗ್ಲಿಷಿನ ಮೂಲವು ದಿನದಿನವೂ ತಿದ್ದಲ್ಪಡುತ್ತದೆ. ಕನ್ನಡದ ಪ್ರತಿಯನ್ನು ತಿದ್ದುವವರು ವಿರಳ. ಹಳೆಯ ಪಾಠವು ಕನ್ನಡದಲ್ಲಿ ಮಾತ್ರ ಉಳಿದು, ಕನ್ನಡದಲ್ಲಿ ಓದಿದವನ ಫಲಕವೇ ಸುಟ್ಟಿತೆಂದಾದರೆ ಆ ದೋಷವು ಭಾಷೆಯ ಮೇಲೆ ಬರುವುದು.

ಇದಕ್ಕೆ ಪರಿಹಾರವು ಈ ನಾಡಿನ ಲಿಪಿಕಾರರ ಸಂಪ್ರದಾಯದಲ್ಲಿಯೇ ಇದೆ. ಓಲೆಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನೂ ತನ್ನ ಹೆಸರನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಪ್ರಾರ್ಥಿಸುವುದು ಲಿಪಿಕಾರರ ರೂಢಿಯಾಗಿದ್ದಿತು. ಮೂಡುಬಿದಿರೆಯವೂ ಸೇರಿದಂತೆ ಈ ಪ್ರಾಂತದ ಓಲೆಗಳಿಗೆ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಸೂಚಿಯು 1948ರಲ್ಲಿ ಪ್ರಕಟವಾದುದರಿಂದ ಯಾವ ಪ್ರತಿಯು ಎಲ್ಲಿದೆಯೆಂಬುದನ್ನು ದೂರದ ವಿದ್ವಾಂಸರೂ ಅರಿಯಲು ಸಾಧ್ಯವಾಯಿತು. ಫಲಕದ ಹೆಸರು, ಪರಿಷ್ಕರಣ, ಚಿಪ್ಪು, ಕ್ರಮವಿಧಿಸಂಪುಟದ ಆವೃತ್ತಿ, ಪರೀಕ್ಷಿಸಿದ ದಿನಾಂಕ, ಈ ಐದು ಅಂಶಗಳ ಪುಷ್ಪಿಕೆಯಿಲ್ಲದ ಕನ್ನಡ ಕೈಪಿಡಿಯನ್ನು ಯಾವ ಪ್ರಯೋಗಶಾಲೆಯೂ ಸ್ವೀಕರಿಸಬಾರದು. ಪರೀಕ್ಷಿಸದೆ ಅನುವಾದಿಸಿದ ಭಾಗವನ್ನು ಪರೀಕ್ಷಿಸಿಲ್ಲವೆಂದೇ ಬರೆಯಬೇಕು. ಹಳೆಯ ಗ್ರಂಥಗಳ ವಿಷಯದಲ್ಲಿ ಕನ್ನಡ ವಿದ್ವತ್ತು ಅಭ್ಯಾಸಮಾಡಿಕೊಂಡಿರುವ ಎಚ್ಚರವು ಹೊಸ ಯಂತ್ರಗಳ ವಿಷಯದಲ್ಲಿಯೂ ಅಷ್ಟೇ ಉಪಯುಕ್ತವಾದುದು.