ಚರ್ಚಿಗೆ ಕಾಡೇ ಉಡುಗೆ

ಆಫ್ರಿಕಾದ ಇಥಿಯೋಪಿಯ ದೇಶದ ಉತ್ತರ ಭಾಗದಲ್ಲಿ ತಾನಾ ಎಂಬ ದೊಡ್ಡ ಸರೋವರವಿದೆ. ನೀಲಿ ನೈಲ್ ನದಿ ಹೊರಡುವುದು ಇಲ್ಲಿಂದಲೇ. ಸರೋವರದ ಪೂರ್ವಕ್ಕಿರುವ ದಕ್ಷಿಣ ಗೊಂಡಾರ್ ಪ್ರದೇಶವನ್ನು ವಿಮಾನದಿಂದ ನೋಡಿದರೆ ಕಾಣುವುದು ಬಹುಮಟ್ಟಿಗೆ ಹೊಲ ಮತ್ತು ಹುಲ್ಲುಗಾವಲು. ಬೇಸಿಗೆಯಲ್ಲಂತೂ ಎಲ್ಲವೂ ಕಂದು. ಆ ಕಂದು ನೆಲದ ಮೇಲೆ ಹಸಿರು ಶಾಯಿಯ ತೊಟ್ಟು ಬಿದ್ದಂತೆ ಅಲ್ಲಲ್ಲಿ ಚುಕ್ಕೆಗಳಿವೆ. ಚುಕ್ಕೆಯ ನಡುವೆ ಒಂದು ದುಂಡನೆಯ ಚಾವಣಿ. ಅದು ಚರ್ಚು. ಸುತ್ತಲಿನ ಹಸಿರು, ಚರ್ಚಿನ ಕಾಡು.

ಇಥಿಯೋಪಿಯದಲ್ಲಿ ಕ್ರೈಸ್ತಮತ ನೆಲೆಯೂರಿದ್ದು 4ನೇ ಶತಮಾನದಲ್ಲಿ. ಅಲ್ಲಿನ ಆರ್ಥೊಡಾಕ್ಸ್ ಚರ್ಚುಗಳ ಗರ್ಭಗುಡಿಯಲ್ಲಿ 'ತಾಬೋತ್' ಎಂಬ ಪವಿತ್ರ ಫಲಕವಿರುತ್ತದೆ. ಅದರ ಬಳಿಗೆ ಪಾದ್ರಿಗಳಿಗಷ್ಟೇ ಪ್ರವೇಶ. ಆ ಪಾವಿತ್ರ್ಯ ಗೋಡೆಗೆ ನಿಲ್ಲದೆ ಹೊರಗಿನ ಮರಗಳಿಗೂ ಹರಡುತ್ತದೆಂಬುದು ಭಕ್ತರ ನಂಬಿಕೆ. ಮರಗಳು ಚರ್ಚಿನ ಉಡುಗೆ. ಮರವಿಲ್ಲದ ಚರ್ಚು ಬಟ್ಟೆಯಿಲ್ಲದ ಮನುಷ್ಯನಂತೆ. ಅವರ ಕಣ್ಣಿಗೆ ಈ ಕಾಡು ಈಡನ್ ತೋಟದ ಒಂದು ತುಣುಕು. ಹಬ್ಬದ ದಿನ ಜನ ನೆರಳಿಗೆ ಕೂರುವುದೂ ಇಲ್ಲೇ, ಸತ್ತವರನ್ನು ಹೂಳುವುದೂ ಇಲ್ಲೇ. ಕೊಡಗಿನ ದೇವರಕಾಡು ಬಲ್ಲವರಿಗೆ ಈ ಏರ್ಪಾಡು ತೀರ ಹೊಸದೆನಿಸದು.

1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು ಕೋಲಾಹಲವೆಬ್ಬಿಸಿದರು. ಪ್ರಕೃತಿ ಇರುವುದೇ ಮನುಷ್ಯನಿಗಾಗಿ ಎಂಬ ಭಾವನೆಯನ್ನು ಪಾಶ್ಚಾತ್ಯ ಕ್ರೈಸ್ತಮತ ಬೆಳೆಸಿತು, ಪರಿಸರದ ಬಿಕ್ಕಟ್ಟಿಗೆ ಅದೇ ಬೇರು ಎಂಬುದು ಅವರ ವಾದ. ಬೈಬಲ್ಲಿನ ಮೊದಲ ಪುಸ್ತಕದ ಮೊದಲ ಅಧ್ಯಾಯದಲ್ಲಿ ಭೂಮಿಯ ಮೇಲೆ ಆಳ್ವಿಕೆ ನಡೆಸುವ ಮಾತು ಬರುತ್ತದೆ ನಿಜ. ಆದರೆ ಎರಡನೇ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿಟ್ಟದ್ದು ಅದನ್ನು ಉತ್ತು ಕಾಯುವುದಕ್ಕೆ. ವೈಟ್ ಅವರೂ ಮತವನ್ನು ಬಿಟ್ಟುಬಿಡಿ ಎನ್ನಲಿಲ್ಲ. ಹಕ್ಕಿಗಳನ್ನು ಒಡಹುಟ್ಟಿದವರಂತೆ ಕಂಡ ಅಸಿಸಿಯ ಸಂತ ಫ್ರಾನ್ಸಿಸರನ್ನು ಮಾದರಿಯಾಗಿ ಸೂಚಿಸಿದರು. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಆ ಸಂತರನ್ನೇ ಪರಿಸರದ ಪೋಷಕ ಸಂತರೆಂದು ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರ ರಕ್ಷಣೆಯ ಬಗ್ಗೆಯೇ ಸುದೀರ್ಘ ವಿಶ್ವಪತ್ರ ಹೊರಡಿಸಿದರು.

ಇಥಿಯೋಪಿಯದ ರೈತರು ಈ ವಾದವಿವಾದ ಕೇಳಿರಲಾರರು. ಅವರಲ್ಲಿ ಕೆಲಸ ಹಂಚಿಹೋಗಿತ್ತು: ಕಾಡಿನ ಹೊರಗೆ ಉಳುವುದು, ಒಳಗೆ ಕಾಯುವುದು. ತೊಂದರೆ ಹುಟ್ಟಿದ್ದೂ ಅಲ್ಲಿಯೇ. ಹೊರಗಿನ ಕಾಡೆಲ್ಲ ಹೊಲವಾದ ಮೇಲೆ ಒಳಗಿನದಕ್ಕೆ ಆಸರೆ ತಪ್ಪಿತು.

ಇದನ್ನು ಅಳೆದು ನೋಡಿದವರು ಅಲ್ಲಿಯವರೇ ಆದ ಅರಣ್ಯವಿಜ್ಞಾನಿ ಅಲೆಮಾಯೆಹು ವಾಸಿ. 28 ಚರ್ಚುಗಳ ಕಾಡನ್ನು ಸುತ್ತಿ, 168 ಜಾತಿಯ ಮರ, ಪೊದೆ, ಬಳ್ಳಿಗಳನ್ನು ಗುರುತಿಸಿದರು. 2007ರಲ್ಲಿ ನೆದರ್ಲೆಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅವರ ಅಧ್ಯಯನದಲ್ಲಿ ಕಂಡ ಸಂಗತಿ ಗಾಬರಿ ಹುಟ್ಟಿಸುವಂಥದು. ಕಾಡಿನ ಮಣ್ಣಿನಲ್ಲಿ ಬಹುಪಾಲು ಮರಗಳ ಬೀಜದ ದಾಸ್ತಾನೇ ಇರಲಿಲ್ಲ. ಕಳೆಗಿಡದ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿ ಮಳೆಗೆ ಏಳುತ್ತದೆ. ಈ ಮರಗಳ ಬೀಜ ಹಾಗೆ ಕಾಯುವುದಿಲ್ಲ. ತಾಯಿಮರ ಹೋಯಿತೋ, ಅದರ ಸಂತಾನವೂ ಮುಗಿದಂತೆ. ಮೊಳೆತ ಸಸಿಗಳನ್ನಾದರೋ ದನಗಳು ಮೇಯುತ್ತಿದ್ದವು, ತುಳಿಯುತ್ತಿದ್ದವು. ಎಳೆಯ ಮಕ್ಕಳಿಲ್ಲದೆ ಮುದುಕರೇ ಉಳಿದ ಊರಿನ ಪಾಡು. ಬೇಲಿ ಹಾಕಿ ದನಗಳನ್ನು ತಡೆದ ತುಂಡು ನೆಲದಲ್ಲಿ ಮಾತ್ರ ಸಸಿಗಳು ಚೆನ್ನಾಗಿ ಬದುಕಿದವು.

ಚಿಕ್ಕ ಕಾಡಿಗೆ ಇನ್ನೊಂದು ಕಷ್ಟ ಅದರ ಅಂಚು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ನಾಲ್ಕು ಹೆಕ್ಟೇರಿನ ದುಂಡು ಕಾಡಿನ ತ್ರಿಜ್ಯ ಸುಮಾರು 113 ಮೀಟರ್. ಬಿಸಿಲು, ಒಣಗಾಳಿಗೆ ಅಂಚಿನ 20 ಮೀಟರ್ ಸೊರಗಿತೆಂದುಕೊಳ್ಳಿ. ಒಳಗೆ ತಂಪಾಗಿ ಉಳಿಯುವುದು 2.7 ಹೆಕ್ಟೇರ್ ಮಾತ್ರ. ಮೂರನೇ ಒಂದು ಭಾಗ ಹೋಯಿತು!

ಅಮೆರಿಕದ ಜೀವವಿಜ್ಞಾನಿ ಮಾರ್ಗರೆಟ್ ಲೋಮನ್ ಅಲೆಮಾಯೆಹು ಅವರ ಜೊತೆಗೂಡಿದರು. ಇಬ್ಬರೂ ಪಾದ್ರಿಗಳನ್ನು ಸೇರಿಸಿ ಉಪಗ್ರಹದ ಚಿತ್ರಗಳನ್ನು ತೋರಿಸಿದರು. ತಮ್ಮ ಕಾಡು ಎಷ್ಟು ಸಣ್ಣದೆಂಬುದನ್ನು ಪಾದ್ರಿಗಳು ಮೇಲಿನಿಂದ ನೋಡಿದ್ದು ಅದೇ ಮೊದಲು. ಉಪದೇಶಕ್ಕಿಂತ ಆ ಚಿತ್ರಗಳೇ ಹೆಚ್ಚು ಕೆಲಸ ಮಾಡಿದಂತಿದೆ. ಕಾಡಿನ ಸುತ್ತ ಕಲ್ಲಿನ ಗೋಡೆ ಕಟ್ಟುವುದೆಂದಾಯಿತು. ಕಲ್ಲು ಕೊಳ್ಳಬೇಕಿರಲಿಲ್ಲ, ಪಕ್ಕದ ಹೊಲಗಳಲ್ಲಿ ನೇಗಿಲಿಗೆ ತಡೆಯುತ್ತಿದ್ದ ಕಲ್ಲುಗಳನ್ನು ಹೆಕ್ಕಿ ತಂದು ಗಾರೆಯಿಲ್ಲದೆ ಜೋಡಿಸಿದರು. ಹೊಲವೂ ಹಸನಾಯಿತು. ಕಾಡಿನ ಜೇನು, ಕೀಟಗಳು ಅದೇ ಹೊಲಗಳ ಹೂವಿಗೆ ಬರುವುದರಿಂದ ರೈತನಿಗೆ ಲಾಭವೂ ಉಂಟು.

ಎಲ್ಲವೂ ಸರಿಹೋಗಿದೆ ಎನ್ನಲಾಗದು. ಬೇಗ ಬೆಳೆದು ಕಾಸು ತರುತ್ತದೆಂದು ಎಷ್ಟೋ ಚರ್ಚುಗಳ ಆವರಣದೊಳಗೇ ನೀಲಗಿರಿ ನೆಟ್ಟಿದ್ದಾರೆ. ಮರ ಹೊರದೇಶದ್ದು, 19ನೇ ಶತಮಾನದ ಕೊನೆಗೆ ಬಂದದ್ದು. ಬಡ ಚರ್ಚಿನ ಖರ್ಚು ನಡೆಯಬೇಕಲ್ಲ ಎಂದರೆ ಅದೂ ತಪ್ಪೆನ್ನುವುದು ಕಷ್ಟ. ಆದರೆ ನೀಲಗಿರಿಯ ಎಡೆಯಲ್ಲಿ ಹಳೆಯ ಜೂನಿಪರ್, ಕಾಡು ಆಲಿವ್ ಮರಗಳ ಸಸಿ ಮೇಲೇಳುವುದು ಸುಲಭವಲ್ಲ.

ಕೆಲವೆಡೆ ಗೋಡೆಯನ್ನು ಕಾಡಿನ ಅಂಚಿಗೆ ಒತ್ತಿ ಕಟ್ಟದೆ, ಒಂದಿಷ್ಟು ನೆಲ ಬಿಟ್ಟು ಆಚೆಗೆ ಕಟ್ಟಿದ್ದಾರೆ. ನಡುವಿನ ಬಯಲು ಸಸಿಗಳ ಪಾಲಿಗೆ.