ನಿಮ್ಮ ಬೀದಿಯ ಬೀಟ್ ಪೊಲೀಸ್ ಯಾರು?

ತ್ಯಾವರೆಕೊಪ್ಪದಲ್ಲಿ ಹುಲಿ-ಸಿಂಹಧಾಮ ಇದೆ ಅಂತ ಶಿವಮೊಗ್ಗದ ಪುಟ್ಟ ಮಕ್ಕಳಿಗೂ ಗೊತ್ತು. ಆದ್ರೆ ನಿಮ್ಮ ಬೀದಿಯ ಬೀಟ್ ಪೊಲೀಸ್ ಯಾರು ಅಂತ ಗೊತ್ತಾ?

ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂತು. ಠಾಣೆಯ ಸರಹದ್ದನ್ನ ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೂ ಸಿಬ್ಬಂದಿಯನ್ನ ಹೊಣೆ ಮಾಡಿದ್ರು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯ್ತು. ಪೊಲೀಸರೇ ಮನೆ ಬಾಗಿಲಿಗೆ ಬಂದು ಅಹವಾಲು ಕೇಳಬೇಕು.

ಆದ್ರೆ ಅದೇ ಕಾನ್‌ಸ್ಟೆಬಲ್ ತಲೆ ಮೇಲೆ ಬಂದೋಬಸ್ತ್, ಸಮನ್ಸ್ ಜಾರಿ, ಕೋರ್ಟ್ ಕೆಲಸ, ರಾತ್ರಿ ಗಸ್ತು ಎಲ್ಲಾ ಇದೆ. ಗಣಪತಿ ವಿಸರ್ಜನೆ, ಈದ್ ಮಿಲಾದ್ ಬಂತಂದ್ರೆ ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಮೆರವಣಿಗೆ ಕಾಯಬೇಕು. ಬೀಟ್ ಕೆಲಸ ಹಿಂದೆ ಬೀಳುತ್ತೆ.

ಶಿವಮೊಗ್ಗದಲ್ಲಿ ನಡೆದ 2022ರ ಫೆಬ್ರವರಿಯ ಗಲಭೆ, 2023ರ ರಾಗಿಗುಡ್ಡದ ಕಲ್ಲುತೂರಾಟ ನಾವು ಮರೆತಿಲ್ಲ. ಗಲಾಟೆ ಆದ್ಮೇಲೆ ಹೊರಗಿಂದ ತುಕಡಿ ಕರೆಸಬಹುದು. ಆದ್ರೆ ಯಾವ ಮನೇಲಿ ಅಜ್ಜಿ ಒಬ್ಬರೇ ಇದ್ದಾರೆ, ಯಾವ ತಿರುವಲ್ಲಿ ಬೀದಿದೀಪ ಕೆಟ್ಟಿದೆ ಅನ್ನೋದು ದಿನಾ ಓಡಾಡೋ ಬೀಟ್ ಪೊಲೀಸರಿಗೇ ಗೊತ್ತು.

ಅದಕ್ಕೇ ಠಾಣೆಗಳಲ್ಲಿ ಖಾಲಿ ಇರೋ ಹುದ್ದೆ ಮೊದಲು ತುಂಬಬೇಕು. ಬೀಟ್ ಸಿಬ್ಬಂದಿಯನ್ನ ಪದೇ ಪದೇ ಬೇರೆ ಕೆಲಸಕ್ಕೆ ಎಳೀಬಾರದು.

ನೀವೂ ಇವತ್ತೇ ಠಾಣೆಯಲ್ಲಿ ವಿಚಾರಿಸಿ, ನಿಮ್ಮ ಬೀಟ್ ಪೊಲೀಸರ ನಂಬರ್ ಸೇವ್ ಮಾಡ್ಕೊಳ್ಳಿ. ತುರ್ತು ಇದ್ರೆ 112ಕ್ಕೆ ಕರೆ ಮಾಡಿ.